ದಖ್ಖನಿ ಕುರಿಯ ಕರಿ ಕಂಬಳಿ: ಕೊಳ್ಳಬಹುದೇ, ಹೇಗೆ ನೋಡಿ ಕೊಳ್ಳಬೇಕು?

ಬೆಂಗಳೂರಿನಲ್ಲಿ ‘ದೇಸಿ ಉಣ್ಣೆ ಕಂಬಳಿ’ ಎಂಬ ಹೆಸರಿನಲ್ಲಿ ಮೂರು ಬಗೆಯ ಮಾಲು ಮಾರಾಟವಾಗುತ್ತದೆ. ಮೊದಲನೆಯದು ದಖ್ಖನಿ ಅಥವಾ ಬಳ್ಳಾರಿ ತಳಿಯ ಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು ಗುಂಡಿ ಮಗ್ಗದಲ್ಲಿ (ನೆಲದ ಕುಳಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ) ನೇಯ್ದದ್ದು. ಎರಡನೆಯದರಲ್ಲಿ ಹಾಸಿನ, ಅಂದರೆ ಉದ್ದದ, ಎಳೆ ಗಿರಣಿಯದು, ಹೊಕ್ಕಿನ, ಅಂದರೆ ಅಡ್ಡದ, ಎಳೆ ಮಾತ್ರ ಕುರಿ ಉಣ್ಣೆ. ಮೂರನೆಯದು ಹಳೇ ಸ್ವೆಟರು, ಕೋಟುಗಳನ್ನು ಚಿಂದಿ ಮಾಡಿ ಮತ್ತೆ ನೂಲು ತೆಗೆದು ಪಾಣಿಪತ್ ಕಡೆಯಲ್ಲಿ ನೇಯುವ ಅಗ್ಗದ ಕಂಬಳಿ, ಮೇಲೆ ಕಪ್ಪು ಬಣ್ಣ. ಅಂಗಡಿಯ ದೀಪದ ಕೆಳಗೆ ಮೂರೂ ಒಂದೇ ಥರ ಕಾಣುತ್ತವೆ. ಇಲ್ಲಿ ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ಕುರಿಯ ತಳಿ ಉಳಿಯುವುದಕ್ಕೆ ಪೂರ್ತಿಯಾಗಿ ನೆರವಾಗುವುದು ಅದೊಂದೇ.

ಇಲ್ಲಿ ಪರೀಕ್ಷಿಸಿ ನೋಡಿದ ಕಂಬಳಿ ಸುಮಾರು 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ತೂಕ ಎರಡೂವರೆ ಕಿಲೋ. ನಡುವೆ ಉದ್ದಕ್ಕೂ ಒಂದು ಹೊಲಿಗೆ ಇದೆ. ಅದು ದೋಷವಲ್ಲ. ಮಗ್ಗ ಕಿರಿದಾದಾಗ ಎರಡು ಪಟ್ಟಿ ನೇಯ್ದು ಜೋಡಿಸುತ್ತಾರೆ. ಹೊಸದರಲ್ಲಿ ರಟ್ಟಿನಂತೆ ಬಿರುಸು, ಮೂಗಿಗೆ ಹಿಡಿದರೆ ಕುರಿಯ ಜಿಡ್ಡಿನ ಜೊತೆ ಹುಣಸೆ ಬೀಜದ ವಾಸನೆ. ಕೈಯಲ್ಲಿ ನೂತ ಉಣ್ಣೆ ಎಳೆ ಸಡಿಲವಾಗಿರುವುದರಿಂದ ಮಗ್ಗದ ಉಜ್ಜಾಟಕ್ಕೆ ಪಿಸಿದುಹೋಗುತ್ತದೆ. ಅದಕ್ಕೇ ಹುಣಸೆ ಬೀಜದ ಸಿಪ್ಪೆ ತೆಗೆದು, ಅರೆದು, ಕುದಿಸಿದ ಗಂಜಿಯನ್ನು ಹಾಸಿನ ಮೇಲೆ ಕುಂಚದಿಂದ ಎಳೆದು ಒಣಗಿಸುತ್ತಾರೆ. ಹೊಸ ಕಂಬಳಿಯ ಬಿರುಸು ಈ ಗಂಜಿಯಿಂದ ಬಂದದ್ದು, ಬಳಸುತ್ತಾ ಒಗೆಯುತ್ತಾ ಮೆತ್ತಗಾಗುತ್ತದೆ. ಬಿರುಸು ನೋಡಿ ‘ಕಳಪೆ’ ಎಂದು ವಾಪಸ್ ಕೊಡುವವರು ಇದನ್ನು ತಿಳಿದಿರಬೇಕು.

ಚುಚ್ಚುತ್ತದೆಯೇ? ಖಂಡಿತ ಚುಚ್ಚುತ್ತದೆ. ದಖ್ಖನಿ ಉಣ್ಣೆ ಒರಟು, ಎಳೆಗಳಲ್ಲಿ ಒಳಗೆ ಟೊಳ್ಳಿರುವ ದಪ್ಪ ಕೂದಲು ಬೆರೆತಿರುತ್ತದೆ. ಮೆರಿನೋ ಶಾಲಿನ ಮೃದುತ್ವವನ್ನು ಇದರಲ್ಲಿ ಹುಡುಕುವುದು ಕಂಬಳಿಯಲ್ಲಿ ಊಟಕ್ಕೆ ಕೂತು ಕೂದಲು ಬಂತು ಎಂದಂತೆ. ಬರಿ ಮೈಗೆ ಹೊದೆಯಬೇಕೆನ್ನುವವರು ಮರಿ ಉಣ್ಣೆಯ ಕಂಬಳಿ ಕೇಳಲಿ. ಮರಿಯ ಮೊದಲ ಕತ್ತರಿಕೆಯ ಉಣ್ಣೆ ನಯವಾಗಿರುತ್ತದೆ, ಬೆಲೆಯೂ ಹೆಚ್ಚು. ಉಳಿದವರಿಗೆ ಈ ಕಂಬಳಿ ನೆಲಕ್ಕೆ, ಮಂಚದ ಮೇಲೆ ಹಾಸಿಗೆಯ ಕೆಳಗೆ, ಯೋಗಕ್ಕೆ ಕೂರಲು, ಹತ್ತಿ ದುಪ್ಪಟಿಯ ಮೇಲೆ ಎರಡನೇ ಹೊದಿಕೆಯಾಗಿ ಹೇಳಿ ಮಾಡಿಸಿದ್ದು. ಡಿಸೆಂಬರ್, ಜನವರಿಯಲ್ಲಿ ತಣ್ಣಗೆ ಕೊರೆಯುವ ಟೈಲ್ಸ್ ನೆಲದ ಮೇಲೆ ಹಾಸಿದರೆ ಇದರ ಬೆಲೆ ತಿಳಿಯುತ್ತದೆ.

ಈಗ ಅಸಲಿ ಗುರುತು ಹಿಡಿಯುವ ಮಾತು. ಕಂಬಳಿಯ ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಬೇರೆಬೇರೆಯಾಗಿ ಬಿಡಿಸಿ ಸುಟ್ಟು ನೋಡಿ. ಅಂಗಡಿಯವರು ಒಪ್ಪದಿದ್ದರೆ ಕೊಳ್ಳುವುದೇ ಬೇಡ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಬೆಂಕಿ ತೆಗೆದ ಕೂಡಲೇ ಆರಿ, ಉಳಿದ ಕರಿಕಲು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಒಂದೇ ಎಳೆ ಸುಟ್ಟು ಸುಮ್ಮನಾಗಬಾರದು, ಮೋಸ ಇರುವುದು ಸಾಮಾನ್ಯವಾಗಿ ಹಾಸಿನಲ್ಲಿ. ಆಮೇಲೆ ಬಣ್ಣ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಗಟ್ಟಿಯಾಗಿ ಉಜ್ಜಿ. ಕಪ್ಪು ಹತ್ತಿದರೆ ಬಣ್ಣ ಹಾಕಿದ್ದು. ಕುರಿಯ ಸಹಜ ಕಪ್ಪು ಎಂದೂ ಒಂದೇ ಸಮ ಇರುವುದಿಲ್ಲ. ಎಳೆಯೊಂದನ್ನು ಬಿಸಿಲಿಗೆ ಹಿಡಿದು ಹಿಂಜಿ ನೋಡಿದರೆ ಬುಡ ಕಪ್ಪು, ಬಿಸಿಲು ಕಂಡ ತುದಿ ಕಂದು, ನಡುನಡುವೆ ಒಂದೆರಡು ಬಿಳಿ ಕೂದಲು ಕಾಣಬೇಕು, ಅಪರೂಪಕ್ಕೆ ಒಂದು ಮುಳ್ಳಿನ ಚೂರೂ ಸಿಗುತ್ತದೆ. ಇದ್ದಿಲಿನಂಥ ಏಕರೂಪದ ಕಪ್ಪು ಕಂಡರೆ ಅನುಮಾನಿಸಿ. ನಗರದ ಅಂಗಡಿಯೊಂದರಲ್ಲಿ ‘ನೂರಕ್ಕೆ ನೂರು ಕುರಿ ಉಣ್ಣೆ’ ಚೀಟಿ ಅಂಟಿಸಿದ್ದ ಕಂಬಳಿಯ ಹಾಸು ಸುಟ್ಟಾಗ ಮಣಿಗಟ್ಟಿತು. ಹೊಕ್ಕು ಮಾತ್ರ ಅಸಲಿ ಇತ್ತು.

ಬೆಲೆ ಹೆಚ್ಚಾಯಿತೆನ್ನುವವರು ಲೆಕ್ಕ ನೋಡಲಿ. ದಖ್ಖನಿ ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ, ಒಂದು ಸಲಕ್ಕೆ ಸಿಗುವ ಉಣ್ಣೆ ಅರ್ಧ ಕಿಲೋಗೂ ಕಡಿಮೆ. ಅದರಲ್ಲಿ ಜಿಡ್ಡು, ಮಣ್ಣು, ಮುಳ್ಳು ಹೋಗಬೇಕು. ಎರಡೂವರೆ ಕಿಲೋ ಕಂಬಳಿಗೆ ಮೂರು, ಮೂರೂವರೆ ಕಿಲೋ ಹಸಿ ಉಣ್ಣೆ ಹಿಡಿದರೂ ಎಂಟು ಹತ್ತು ಕುರಿಗಳ ಒಂದು ಕತ್ತರಿಕೆ ಬೇಕು. ಮೇಲೆ ಕುರಿ ತೊಳೆಯುವ, ಕತ್ತರಿಸುವ, ಹಿಂಜಿ ಹಂಜಿ ಮಾಡುವ, ರಾಟೆಯಲ್ಲಿ ನೂಲುವ, ಗಂಜಿ ಎಳೆಯುವ, ನೇಯುವ ಕೂಲಿ. ಆರೇಳು ನೂರು ರೂಪಾಯಿಗೆ ‘ಅಪ್ಪಟ ಕರಿ ಕಂಬಳಿ’ ಸಿಕ್ಕಿತು ಎಂದರೆ ಈ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ಇಲ್ಲವೇ ಇಲ್ಲ.

ತಳಿಯ ಸಂಕಟವೂ ಇದೇ ಲೆಕ್ಕದಲ್ಲಿದೆ. ಕುರಿಗಾರರಿಗೆ ಉಣ್ಣೆ ಇವತ್ತು ಆದಾಯವಲ್ಲ, ಖರ್ಚು. ಕತ್ತರಿಸುವವರಿಗೆ ತಲೆಗಿಷ್ಟು ಎಂದು ಕೊಡಬೇಕು. ಉಣ್ಣೆಗೆ ಸಿಗುವ ದುಡ್ಡು ಆ ಕೂಲಿಗೂ ಸಾಲದಾದಾಗ ಕತ್ತರಿಸಿದ ಉಣ್ಣೆ ಬೇಲಿ ಬುಡ ಸೇರುತ್ತದೆ. ಮಟನ್ ರೇಟು ಮಾತ್ರ ಏರುತ್ತಲೇ ಇದೆ. ಹಾಗಾಗಿ ಹಿಂಡಿಗೆ ಎತ್ತರದ, ಉಣ್ಣೆಯೇ ಇಲ್ಲದ ನೆಲ್ಲೂರು ಟಗರು ಬರುತ್ತದೆ. ಬೆರಕೆಯ ಮೊದಲ ತಲೆಮಾರಿನಲ್ಲೇ ಮರಿಯ ಮೈಮೇಲೆ ಕೂದಲು ಉಣ್ಣೆ ಕಲೆತು, ರಾಟೆಗೆ ಹಾಕಿದರೆ ಎಳೆ ನಿಲ್ಲದ ಸರಕಾಗುತ್ತದೆ. ಎರಡು ಮೂರು ತಲೆಮಾರು ಕಳೆದರೆ ನೂಲುವುದಕ್ಕೇ ಏನೂ ಉಳಿಯುವುದಿಲ್ಲ. ಉಣ್ಣೆಯ ಜೊತೆಗೆ, ಕೂಳೆ ಹೊಲದಲ್ಲಿ ಮೇಯ್ದು ಮೈಲಿಗಟ್ಟಲೆ ನಡೆಯುವ, ಬರಗಾಲದಲ್ಲೂ ಮರಿ ಹಾಕುವ ಗುಣಗಳು ಕೂಡ ಚದುರುತ್ತವೆ. ಕರ್ನಾಲ್‌ನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋದ ಮಾನ್ಯ ತಳಿಗಳ ಪಟ್ಟಿಯಲ್ಲಿ ದಖ್ಖನಿ ತಳಿಯ ಹೆಸರಿದೆ, ಇರಲೂ ಬೇಕು. ಆದರೆ ಹಿಂಡಿನಲ್ಲಿ ಯಾವ ಟಗರು ಉಳಿಯಬೇಕೆಂದು ತೀರ್ಮಾನಿಸುವುದು ಕುರಿಗಾರರು, ಮತ್ತು ಅವರು ಉಣ್ಣೆಯ ಟಗರು ಉಳಿಸಿಕೊಳ್ಳಬೇಕಾದರೆ ಉಣ್ಣೆಗೆ ಬೆಲೆ ಬರಬೇಕು. ಹಾಸಿನಲ್ಲಿ ಗಿರಣಿ ನೂಲಿರುವ ಕಂಬಳಿ ಕೊಂಡರೆ ಅವರ ಉಣ್ಣೆಯ ಅರ್ಧ ಬೇಡಿಕೆ ಅಲ್ಲಿಗೇ ಕಡಿತವಾಯಿತು.

ಬನ್ನೂರು ಕುರಿ ಉಣ್ಣೆಯ ಕಂಬಳಿ ಎಂದು ಹೇಳಿ ಮಾರುವುದನ್ನು ನಂಬಬೇಡಿ. ಬನ್ನೂರು, ಅಂದರೆ ಮಂಡ್ಯ ತಳಿ, ಮಾಂಸಕ್ಕೆ ಹೆಸರಾದದ್ದು, ಉಣ್ಣೆಗಲ್ಲ.

ಕೆಡುವುದು ಹೆಚ್ಚಾಗಿ ಒಗೆಯುವಾಗ. ವಾಷಿಂಗ್ ಮಷೀನಿಗೆ, ಬಿಸಿನೀರಿಗೆ ಹಾಕಲೇಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರವಿರುತ್ತದೆ. ಬಿಸಿ ಮತ್ತು ಅಲುಗಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿ ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಎನ್‌ಜೈಮ್ ಇರುವ ಪೌಡರ್ ಉಣ್ಣೆಯ ಪ್ರೋಟೀನನ್ನೇ ತಿನ್ನುತ್ತದೆ, ಸೋಡಾ ಎಳೆಯನ್ನು ಪೆಡಸು ಮಾಡುತ್ತದೆ. ಒಣ ಕಂಬಳಿಯನ್ನು ಮೊದಲು ಚೆನ್ನಾಗಿ ಕೊಡವಿ. ಒಂದು ದೊಡ್ಡ ಟಬ್ ತಣ್ಣೀರಿಗೆ ಎರಡು ಹಿಡಿ ಅಂಟುವಾಳದ ಕಾಯಿ ಕುದಿಸಿ ಸೋಸಿದ ನೀರು ಬೆರೆಸಿ, ಇಪ್ಪತ್ತು ನಿಮಿಷ ನೆನೆಹಾಕಿ, ಕೈಯಿಂದ ಒತ್ತಿ ಕೊಳೆ ಬಿಡಿಸಿ. ತಿಕ್ಕಬೇಡಿ, ಹಿಂಡಬೇಡಿ. ಎರಡು ಸಲ ತಣ್ಣೀರಲ್ಲೇ ಜಾಲಿಸಿ, ಇಳಿಜಾರಾಗಿಟ್ಟ ಹಲಗೆಯ ಮೇಲೆ ನೀರು ಬಸಿದು, ತಾರಸಿಯಲ್ಲಿ ನೆರಳಿಗೆ ಹರಡಿ. ನೀರು ಕುಡಿದ ಕಂಬಳಿ ತೂಕ ಎರಡು ಪಟ್ಟು ದಾಟುತ್ತದೆ. ತಂತಿಗೆ ನೇತುಹಾಕಿದರೆ ಒಂದು ತುದಿ ಜೋತು ಆಕಾರ ಕೆಡುತ್ತದೆ. ವರ್ಷಕ್ಕೊಂದು ಸಲ, ಮಾರ್ಚ್ ಏಪ್ರಿಲ್‌ನಲ್ಲಿ ಒಗೆದರೆ ಸಾಕು. ಜುಲೈನಲ್ಲಿ ಒಗೆದರೆ ಒಣಗುವ ಹೊತ್ತಿಗೆ ಗಂಜಿಗೆ ಬೂಷ್ಟು ಹಿಡಿದಿರುತ್ತದೆ.

ಮಳೆಗಾಲದಲ್ಲಿ ಕಪಾಟಿನಲ್ಲಿ ಮಡಚಿಟ್ಟರೆ ನುಸಿ ಹುಳು ಖಾತ್ರಿ. ಬೇವಿನ ಸೊಪ್ಪು ಇಟ್ಟು ನೆಮ್ಮದಿಯಾಗಿರುವಂತಿಲ್ಲ. ಬಿಸಿಲು ಕಂಡ ದಿನವೆಲ್ಲ ಬಿಡಿಸಿ ಕೊಡವಿ ಹಾಕುವುದೇ ಸರಿ. ತೂತು ಕಂಡುಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಡೀಪ್ ಫ್ರೀಜರಿನಲ್ಲಿಡಿ. ಮೊಟ್ಟೆ, ಮರಿಹುಳು ಎಲ್ಲ ಸಾಯುತ್ತವೆ. ಎಳೆ ಮಗು ಇರುವ ಮನೆಯಲ್ಲಿ ನ್ಯಾಫ್ತಲೀನ್ ಗುಳಿಗೆ ಬೇಡ, ಕೆಲವು ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣ ಒಡೆಯುತ್ತವೆ.

ಎಲ್ಲಿ ಕೊಳ್ಳುವುದು? ಚಿತ್ರಕಲಾ ಪರಿಷತ್ತಿನಲ್ಲಿ ನಡೆಯುವ ಕೈಮಗ್ಗ ಮೇಳಗಳಲ್ಲಿ, ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳದಲ್ಲಿ ನೇಕಾರರೇ ಬಂದಿದ್ದರೆ ಅವರಿಂದಲೇ ಕೊಳ್ಳಿ. ಉಣ್ಣೆ ಎಲ್ಲಿಯದು, ಹಾಸು ಯಾರು ನೂತದ್ದು, ಎಂಬ ಎರಡು ಪ್ರಶ್ನೆಗೆ ತಡವರಿಸದೆ ಉತ್ತರ ಬರಬೇಕು. ಕನಕ ಜಯಂತಿಗೆ, ಸನ್ಮಾನಕ್ಕೆ ಹತ್ತಾರು ಕಂಬಳಿ ತರಿಸುವ ಸಂಘದವರು ಹಿಂದಿನ ವಾರ ಪೇಟೆಗೆ ಓಡದೆ ಎರಡು ಮೂರು ತಿಂಗಳ ಮೊದಲೇ ಚಳ್ಳಕೆರೆ ಕಡೆಯ ನೇಕಾರರಿಗೆ ಅರ್ಧ ಮುಂಗಡ ಕೊಟ್ಟು ಹೇಳಿದರೆ ಬಹಳ ಒಳ್ಳೆಯದು. ಅಳತೆ, ತೂಕ, ‘ಹಾಸು ಹೊಕ್ಕು ಎರಡೂ ಕೈನೂಲಿನ ಕರಿ ಉಣ್ಣೆ’ ಎಂಬ ಮಾತು, ಇಷ್ಟನ್ನೂ ಚೀಟಿಯಲ್ಲಿ ಬರೆಸಿ, ಮಾಲು ಬಂದಾಗ ಪ್ರತಿ ಹತ್ತಕ್ಕೊಂದರಿಂದ ಎಳೆ ತೆಗೆದು ಸುಟ್ಟು ನೋಡಿ ಬಾಕಿ ಹಣ ಕೊಡಿ.