ನಾನು ಕಲಿತ, ಕಲಿಸಿದ ಟರ್ಬೊ ಸಿ++

1997ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡೆ. ಮಾನಿಟರನ್ನು ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ರಾಜಾಜಿನಗರಕ್ಕೆ ತಂದೆ. ಅದರಲ್ಲಿ ಮೊದಲು ಹಾಕಿದ್ದು ಟರ್ಬೊ ಸಿ++ 3.0, ಸಿ++ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ತಂತ್ರಾಂಶ. ಆಮೇಲೆ ಡಿಪ್ಲೊಮಾ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದಾಗಲೂ ಅದರದೇ ನೀಲಿ ಪರದೆ.

ಬರೆಯುವುದು, ಕಂಪೈಲ್ ಮಾಡುವುದು (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು), ತಪ್ಪು ಹುಡುಕುವುದು ಎಲ್ಲವೂ ಅಲ್ಲೇ. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ಎಫ್7 ಒತ್ತುತ್ತಾ ಹೋದರೆ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಭಾಗ, ಒಂದೊಂದೇ ಸಾಲು ಸುತ್ತುವುದು ಕಣ್ಣಿಗೆ ಕಾಣುತ್ತದೆ. ಬೋರ್ಡಿನ ಮೇಲೆ ಅರ್ಧ ಗಂಟೆ ಹೇಳಿದರೂ ತಲೆಗೆ ಹೋಗದ್ದು ಹೀಗೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಎಫ್1 ಒತ್ತಿದರೆ ವಿವರಣೆ ಸಿಗುತ್ತಿತ್ತು, ಉದಾಹರಣೆ ಸಮೇತ. ಇಂಟರ್ನೆಟ್ ಇಲ್ಲದ ಮನೆಯಲ್ಲಿ ಅದೇ ನನ್ನ ಮೇಷ್ಟ್ರು.

ಟರ್ಬೊ ಸಿ++ ಮಾಡಿದ ಬೋರ್ಲ್ಯಾಂಡ್ ಕಂಪನಿಗೆ ಹೆಸರು ಬಂದದ್ದು ಪ್ಯಾಸ್ಕಲ್ ಅನ್ನೋ ಇನ್ನೊಂದು ಭಾಷೆಗೆ ಮಾಡಿದ 1983ರ ಟರ್ಬೊ ಪ್ಯಾಸ್ಕಲ್‌ನಿಂದ. ಬೇರೆಯವರ ಕಂಪೈಲರಿಗೆ ನೂರಾರು ಡಾಲರ್ ಇದ್ದಾಗ ಇದರ ಬೆಲೆ 49.95 ಡಾಲರ್. ಅದರ ಕಂಪೈಲರ್ ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. 1991ರಲ್ಲಿ ಬೋರ್ಲ್ಯಾಂಡ್ ಆಷ್ಟನ್-ಟೇಟ್ ಅನ್ನೋ ಇನ್ನೊಂದು ತಂತ್ರಾಂಶ ಕಂಪನಿಯನ್ನು ಕೊಂಡು ದೊಡ್ಡ ಹೊರೆ ಹೊತ್ತುಕೊಂಡಿತು. 1996ರಲ್ಲಿ ಹೈಲ್ಸ್‌ಬರ್ಗ್ ಮೈಕ್ರೋಸಾಫ್ಟ್ ಸೇರಿದರು. ಮುಂದೆ ಅಲ್ಲಿ ಸಿ ಶಾರ್ಪ್ ಭಾಷೆ ಕಟ್ಟಿದರು. 1998ರಲ್ಲಿ ಬೋರ್ಲ್ಯಾಂಡ್ ತನ್ನ ಹೆಸರನ್ನೇ ಇನ್‌ಪ್ರೈಸ್ ಅಂತ ಬದಲಿಸಿಕೊಂಡಿತು. ದೊಡ್ಡ ದೊಡ್ಡ ಸಂಸ್ಥೆಗಳನ್ನು ಗಿರಾಕಿ ಮಾಡಿಕೊಳ್ಳುವ ಆಸೆ ಅದು. ನಮ್ಮಂಥ ಪ್ರೋಗ್ರಾಮರ್‌ಗಳು ನಂಬಿದ್ದ ಹೆಸರನ್ನು ಬಿಟ್ಟುಕೊಟ್ಟರಲ್ಲ, ಅದು ನನಗೆ ಇವತ್ತಿಗೂ ನೋವು. ಆಮೇಲೆ ಹಳೇ ಹೆಸರಿಗೆ ಮರಳಿದರೂ 2009ರಲ್ಲಿ ಮೈಕ್ರೋ ಫೋಕಸ್‌ಗೆ ಮಾರಾಟವಾಯಿತು.

ಇಷ್ಟೆಲ್ಲ ಪ್ರೀತಿ ಇದ್ದರೂ ಈಗ ಕಲಿಯುವವರಿಗೆ ಟರ್ಬೊ ಸಿ++ ಬೇಡ. ಇದು ಸಿ++ಗೆ 1998ರಲ್ಲಿ ಸ್ಟ್ಯಾಂಡರ್ಡ್ (ಅಧಿಕೃತ ನಿಯಮಾವಳಿ) ಬರುವ ಮೊದಲಿನದು. ಇದರಲ್ಲಿ ಕಲಿತದ್ದನ್ನು ಆಮೇಲೆ ಮರೆಯಬೇಕಾಗುತ್ತದೆ. ಆದರೂ ಕೆಲವು ಕಾಲೇಜುಗಳಲ್ಲಿ ಹಳೇ ಪ್ರೋಗ್ರಾಂಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಹಾಕಿ ಇದನ್ನೇ ನಡೆಸುತ್ತಾರೆ.

ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳು. ಒಂದರಿಂದ ಎಂಟರವರೆಗಿನ ಗುಣಲಬ್ಧ, ಅಂದರೆ 8ರ ಫ್ಯಾಕ್ಟೋರಿಯಲ್‌ಗೆ ಉತ್ತರ -25216 ಬರುತ್ತಿತ್ತು. ಲ್ಯಾಬಿನಲ್ಲಿ ಬೈಸಿಕೊಂಡು ಮೂರು ಸಲ ಅಳಿಸಿ ಬರೆದಿದ್ದಳು. ಟರ್ಬೊದಲ್ಲಿ ಪೂರ್ಣಾಂಕ ಇಡುವ ಇಂಟ್‌ಗೆ ಎರಡೇ ಬೈಟ್ ಜಾಗ, 32767 ದಾಟಿದರೆ ಹಿಡಿಯುವುದಿಲ್ಲ. ಅವಳ ಲ್ಯಾಪ್‌ಟಾಪಿಗೆ ಕೋಡ್‌ಬ್ಲಾಕ್ಸ್ ಅನ್ನೋ ಈಗಿನ ತಂತ್ರಾಂಶ ಹಾಕಿಕೊಟ್ಟೆ, ದುಡ್ಡು ಕೊಡಬೇಕಿಲ್ಲ. ಅದೇ ಪ್ರೋಗ್ರಾಂ ಓಡಿಸಿದಳು. 40320 ಬಂತು.

"ಸರ್, ನಾನು ಮೊದಲೇ ಸರಿಯಾಗಿ ಬರೆದಿದ್ದೆ ಅಲ್ವಾ?" ಅಂದಳು.