ಅವಸರ ಬಿಟ್ಟ ಗಿಟಾರುಗಳು: ಅಜಿಟೇಶನ್ ಫ್ರೀ ತಂಡದ ‘ಮಾಲೇಶ್’

ಈಜಿಪ್ಟಿನ ಆಡುಮಾತಿನಲ್ಲಿ ‘ಮಾಲೇಶ್’ ಎಂಬುದು ಬಹಳ ಉಪಯೋಗಕ್ಕೆ ಬರುವ ಪದ. ಸಂದಣಿಯಲ್ಲಿ ಕಾಲು ತುಳಿದವನು ಕ್ಷಮೆ ಕೇಳುವಾಗ ಅದನ್ನು ಹೇಳುತ್ತಾನೆ, ತುಳಿಸಿಕೊಂಡವನು ಸಮಾಧಾನ ಹೇಳುವಾಗಲೂ ಅದನ್ನೇ ಹೇಳುತ್ತಾನೆ. ಕನ್ನಡದಲ್ಲಿ ಅದಕ್ಕೆ ತೀರ ಹತ್ತಿರ ಬರುವ ಮಾತೆಂದರೆ ‘ಪರವಾಗಿಲ್ಲ, ಬಿಡಿ’. ಪಶ್ಚಿಮ ಬರ್ಲಿನ್ನಿನ ಅಜಿಟೇಶನ್ ಫ್ರೀ ಎಂಬ ರಾಕ್ ತಂಡ 1972ರಲ್ಲಿ ಹೊರತಂದ ತನ್ನ ಮೊದಲ ಆಲ್ಬಮ್ಮಿಗೆ ಈ ಪದವನ್ನೇ ಹೆಸರಾಗಿ ಇಟ್ಟುಕೊಂಡಿತು. ಏಳು ರಚನೆಗಳ, ಸುಮಾರು 42 ನಿಮಿಷಗಳ, ಬಹುಮಟ್ಟಿಗೆ ವಾದ್ಯಗಳಲ್ಲೇ ನಡೆಯುವ ಈ ಆಲ್ಬಮ್ಮನ್ನು ಬಾಹ್ಯಾಕಾಶದಲ್ಲಿ ತೇಲಿಸುವಂಥ ಸ್ವಪ್ನಮಯ ಸದ್ದಿನ ಸೈಕೆಡೆಲಿಕ್ ಸ್ಪೇಸ್ ರಾಕ್ ಇಷ್ಟಪಡುವವರು ಇಂದಿಗೂ ಹುಡುಕಿ ಕೇಳುತ್ತಾರೆ. ಅರಬ್ ಸಂಗೀತದ ಒಗ್ಗರಣೆ ಬಿದ್ದಿರುವುದರಿಂದಲೇ ಇದಕ್ಕೆ ಈ ರುಚಿ ಎಂದು ಹಲವರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಈ ತಂಡ ಪೂರ್ವ ದೇಶಗಳಿಂದ ಸ್ವರಗಳಿಗಿಂತ ಹೆಚ್ಚಾಗಿ ಒಂದು ನಿಧಾನವನ್ನು ಕಲಿತು ಬಂತು, ಆಲ್ಬಮ್ಮಿನ ದೊಡ್ಡ ಗುಣವೂ ಅದೇ ಎಂಬುದು ಹಲವು ಸಲ ಕೇಳಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1967ರ ಸುಮಾರಿಗೆ ಕೂಡಿಕೊಂಡ ಈ ಹುಡುಗರು, ಬರ್ಲಿನ್ನಿನಲ್ಲಿ ಪ್ರಯೋಗಶೀಲ ಸಂಗೀತಕ್ಕೆ ಅಡ್ಡೆಯಾಗಿದ್ದ ಝೋಡಿಯಾಕ್ ಎಂಬ ತಾಣದಲ್ಲಿ ನುಡಿಸುತ್ತ ಬೆಳೆದವರು. ಸ್ವಿಸ್ ಸಂಗೀತ ರಚನಕಾರ ಥಾಮಸ್ ಕೆಸ್ಲರ್ ಅವರ ಸ್ಟುಡಿಯೋದಲ್ಲಿ ಎಲೆಕ್ಟ್ರಾನಿಕ್ ಧ್ವನಿಗಳೊಡನೆ ಆಡುವ ಅವಕಾಶವೂ ಅವರಿಗೆ ಸಿಕ್ಕಿತ್ತು. ಮೊದಲ ಡ್ರಮ್ಮರ್ ಕ್ರಿಸ್ಟೋಫರ್ ಫ್ರಾಂಕೆ 1971ರಲ್ಲಿ ಟ್ಯಾಂಜರೀನ್ ಡ್ರೀಮ್ ತಂಡ ಸೇರಿಕೊಂಡ ಮೇಲೆ ಬುರ್ಗ್‌ಹಾರ್ಡ್ ರೌಶ್ ಆ ಜಾಗಕ್ಕೆ ಬಂದರು. ಗಿಟಾರಿನಲ್ಲಿ ಲುಟ್ಸ್ ಉಲ್ಬ್ರಿಚ್ ಮತ್ತು ಯೋರ್ಗ್ ಶ್ವೆಂಕೆ, ಬೇಸ್ ಗಿಟಾರಿನಲ್ಲಿ ಮೈಕೇಲ್ ಗುಂಟರ್, ಕೀಬೋರ್ಡ್ ಮತ್ತು ಸಿಂಥಸೈಜರ್‌ನಲ್ಲಿ ಮೈಕೇಲ್ ಹೋನಿಗ್ ಇದ್ದರು. ಈ ಐವರನ್ನು 1972ರಲ್ಲಿ ಗೋಥೆ ಇನ್‌ಸ್ಟಿಟ್ಯೂಟ್ ಈಜಿಪ್ಟ್, ಲೆಬನಾನ್ ಮತ್ತು ಸೈಪ್ರಸ್ ದೇಶಗಳ ಪ್ರವಾಸಕ್ಕೆ ಕಳುಹಿಸಿತು. ಬೆಂಗಳೂರಿನವರಿಗೆ ಮ್ಯಾಕ್ಸ್ ಮುಲ್ಲರ್ ಭವನ ಎಂದು ಪರಿಚಯವಿರುವುದು ಇದೇ ಸಂಸ್ಥೆ. ಜರ್ಮನ್ ಸಂಸ್ಕೃತಿಯನ್ನು ಹೊರದೇಶಗಳಿಗೆ ಪರಿಚಯಿಸುವ ಸರ್ಕಾರಿ ಉತ್ಸಾಹ, ಉದ್ದ ಕೂದಲಿನ ಐವರು ರಾಕ್ ಹುಡುಗರನ್ನು ಪಿರಮಿಡ್ಡುಗಳ ನಾಡಿಗೆ ಕರೆದೊಯ್ದು ಬಿಟ್ಟಿತಲ್ಲ ಎಂದು ನೆನೆದಾಗಲೆಲ್ಲ ನನಗೆ ಸಣ್ಣ ನಗು ಬರುತ್ತದೆ. ದಾರಿಯುದ್ದಕ್ಕೂ ಕೇಳಿಸಿದ ಬೀದಿಯ ಸದ್ದು, ಮಾತು, ಹಾಡು, ತಮಟೆಯಂಥ ವಾದ್ಯಗಳ ಬಡಿತಗಳನ್ನು ಅವರು ಟೇಪಿಗೆ ಇಳಿಸಿಕೊಂಡರು. ಊರಿಗೆ ಮರಳಿ ಅದೇ ವರ್ಷ ಮುಗಿಸಿದ ಆಲ್ಬಮ್ಮಿನಲ್ಲಿ ಆ ಟೇಪುಗಳು ಅಲ್ಲಲ್ಲಿ ಬಂದು ಹೋಗುತ್ತವೆ.

ಸ್ಪೇಸ್ ರಾಕ್ ಎಂದ ಕೂಡಲೇ ಇಂಗ್ಲೆಂಡಿನ ಹಾಕ್‌ವಿಂಡ್ ತಂಡದ ಮಾದರಿ ನೆನಪಿಗೆ ಬರುತ್ತದೆ. ರಾಕೆಟ್ ಮೇಲೇರುವಂಥ ಸದ್ದು, ಒಂದೇ ಸಮನೆ ಮುನ್ನುಗ್ಗುವ ತಾಳ, ಆಕಾಶಯಾನದ ಸಾಹಿತ್ಯ ಎಲ್ಲವೂ ಅದರಲ್ಲಿರುತ್ತದೆ. ‘ಮಾಲೇಶ್’ ಆ ಜಾತಿಯದಲ್ಲ. ಇಲ್ಲಿನ ಬಯಲು ತಲೆಯ ಮೇಲಿನದಲ್ಲ, ಕಣ್ಣೆದುರು ದಿಗಂತದವರೆಗೆ ಹಾಸಿಕೊಂಡಿರುವಂಥದು. ಬೇಸ್ ಗಿಟಾರು ನಾಲ್ಕೈದು ಸ್ವರಗಳ ಒಂದು ಆವರ್ತವನ್ನು ಹಿಡಿದುಕೊಂಡು ತಂಬೂರಿಯ ಕೆಲಸ ಮಾಡುತ್ತಿರುತ್ತದೆ, ಅದರ ಮೇಲೆ ಎರಡು ಗಿಟಾರುಗಳು ಒಂದನ್ನೊಂದು ಹಿಂದಿಕ್ಕುವ ಹಟವಿಲ್ಲದೆ ಜೊತೆಜೊತೆಯಾಗಿ ನಡೆಯುತ್ತವೆ. ಆ ಕಾಲದ ರಾಕ್ ಸಂಗೀತದಲ್ಲಿ ಗಿಟಾರಿನ ತಾನವೆಂದರೆ ಪೈಲ್ವಾನನ ಪಟ್ಟಿನಂತಿರಬೇಕು ಎಂಬ ನಂಬಿಕೆ ಬಲವಾಗಿತ್ತು. ಉಲ್ಬ್ರಿಚ್ ಮತ್ತು ಶ್ವೆಂಕೆ ಇಬ್ಬರಿಗೂ ಆ ಚಪಲವಿಲ್ಲ.

ಮೊದಲ ರಚನೆ ‘ಯೂ ಪ್ಲೇ ಫಾರ್ ಅಸ್ ಟುಡೇ’ ಬಾಗಿಲು ತೆರೆಯುವ ರೀತಿ ಚೆನ್ನಾಗಿದೆ. ಮನುಷ್ಯರ ದನಿಗಳ ನಡುವಿನಿಂದ ಆರ್ಗನ್ ಮೆಲ್ಲಗೆ ಎದ್ದು ಬರುತ್ತದೆ, ಬೇಸ್ ತನ್ನ ಆವರ್ತವನ್ನು ಕಂಡುಕೊಳ್ಳುತ್ತದೆ, ಡ್ರಮ್ಸ್ ಸೇರಿಕೊಳ್ಳುವ ಹೊತ್ತಿಗೆ ನಾವು ಆಗಲೇ ನಡಿಗೆಯಲ್ಲಿರುತ್ತೇವೆ. ಆಲ್ಬಮ್ಮಿನಲ್ಲಿ ಹ್ಯಾಮಂಡ್ ಆರ್ಗನ್ ನುಡಿಸಿರುವ ಅತಿಥಿ ಪೀಟರ್ ಮೈಕೇಲ್ ಹಾಮೆಲ್. ಬಿಟ್ವೀನ್ ಎಂಬ ತಂಡವನ್ನು ಕಟ್ಟಿದ, ಪೂರ್ವದೇಶಗಳ ಸಂಗೀತದಲ್ಲಿ ಗಾಢವಾದ ಆಸಕ್ತಿಯಿದ್ದ ರಚನಕಾರರು ಅವರು. ಅವರ ಕೈ ಬಿದ್ದ ಕಡೆ ಸಂಗೀತಕ್ಕೆ ಗುಡಿಯ ಒಳಾಂಗಣದಂಥ ತಂಪು ಬಂದಿದೆ.

ಎರಡನೆಯದಾದ ‘ಸಹಾರಾ ಸಿಟಿ’ ಈ ಆಲ್ಬಮ್ಮಿನ ಹೃದಯ. ಏಳೂಮುಕ್ಕಾಲು ನಿಮಿಷದಷ್ಟಿರುವ ಈ ರಚನೆಯ ಮೊದಲ ಭಾಗದಲ್ಲಿ ತಾಳವೆನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೂರದ ಊರಿನ ಸಂಗೀತದ ತುಣುಕು, ಸಿಂಥಸೈಜರಿನ ಗಾಳಿಯಂಥ ಬೀಸು, ತಂತಿಯೊಂದನ್ನು ಮೀಟಿ ಅದು ಪೂರ್ತಿ ಅಡಗುವವರೆಗೆ ಕಾಯುವ ಗಿಟಾರು ಇಷ್ಟೇ ಅಲ್ಲಿರುವುದು. ಮೊದಲ ಬಾರಿ ಇದನ್ನು ರಾತ್ರಿ ಹೊತ್ತು ಹೆಡ್‌ಫೋನಿನಲ್ಲಿ ಕೇಳುತ್ತಿದ್ದಾಗ, ಸಂಗೀತದ ಅಡಿಯಲ್ಲಿ ಒಂದು ಮಂದ್ರ ಗುಂಯ್‌ಗುಡುವಿಕೆ ಬಿಡದೆ ಕೇಳಿಸುತ್ತಿತ್ತು. ಅದನ್ನು ಬಹಳ ಮೆಚ್ಚಿಕೊಂಡು ತಲೆದೂಗುತ್ತಿದ್ದವನಿಗೆ, ಅದು ನಮ್ಮ ಕೋಣೆಯ ಸೀಲಿಂಗ್ ಫ್ಯಾನಿನ ಸದ್ದು ಎಂದು ಗೊತ್ತಾದದ್ದು ಕರೆಂಟು ಹೋದಾಗಲೇ. ಪೇಚಿನ ಪ್ರಸಂಗವೇ ಆದರೂ ಅದರಿಂದ ನನಗೊಂದು ವಿಷಯ ಸ್ಪಷ್ಟವಾಯಿತು. ಹೊರಗಿನ ಸದ್ದನ್ನೂ ಒಳಗೆ ಕರೆದು ಕೂರಿಸಿಕೊಳ್ಳುವಷ್ಟು ಜಾಗ ಈ ಸಂಗೀತದಲ್ಲಿದೆ. ಸುತ್ತಲಿನ ವಾತಾವರಣದಂತೆ ಹರಡಿಕೊಳ್ಳುವ ಸಂಗೀತಕ್ಕೆ ಆ್ಯಂಬಿಯೆಂಟ್ ಎಂಬ ಹೆಸರು ಚಲಾವಣೆಗೆ ಬಂದದ್ದು ಇದಾಗಿ ಕೆಲವು ವರ್ಷಗಳ ಮೇಲೆ. ಆ ಹೆಸರಿಲ್ಲದೆಯೇ ಆ ಗುಣ ಇಲ್ಲಿ ಬಂದು ಕೂತಿದೆ. ಅನಂತರ ಡ್ರಮ್ಸ್ ಒಳನುಗ್ಗಿ ಇಡೀ ತಂಡ ಒಮ್ಮೆಗೇ ಎದ್ದು ನಿಲ್ಲುವ ಗಳಿಗೆಗೆ ಅಷ್ಟೊಂದು ಬಲ ಬರುವುದು ಈ ಕಾಯುವಿಕೆಯಿಂದಲೇ. ಮೊದಲ ಭಾಗವನ್ನು ಹಾರಿಸಿ ನೇರವಾಗಿ ಇಲ್ಲಿಗೆ ಬಂದರೆ ಕೇಳಿಸುವುದು ಆ ಕಾಲದ ಒಂದು ಸಾಧಾರಣ ರಾಕ್ ತುಣುಕು ಮಾತ್ರ.

ಮೂರನೆಯ ರಚನೆಯ ಹೆಸರು ‘ಅಲಾ ತೂಲ್’. ಕೈರೋದಲ್ಲಿ ದಾರಿ ಕೇಳಿದರೆ ಸಿಗುವ ಉತ್ತರ ಅದು, ನಮ್ಮ ‘ಸೀದಾ ಹೋಗಿ’ ಇದ್ದಂತೆ. ಹೆಸರಿಗೆ ತಕ್ಕಂತೆ ಅತ್ತಿತ್ತ ತಿರುಗದೆ ಸೀದಾ ಹೋಗುವ ರಚನೆಯೂ ಹೌದು. ಮರದ ಪಟ್ಟಿಗಳ ಮೇಲೆ ಕೋಲಿನಿಂದ ಬಾರಿಸುವ ಮರಿಂಬಾ ವಾದ್ಯದ ಪುಟ್ಟ ಪುಟ್ಟ ಪೆಟ್ಟುಗಳು ಇದನ್ನು ಮುಂದಕ್ಕೆ ಒಯ್ಯುತ್ತವೆ. ಅದರ ಬೆನ್ನಿಗೆ ಬರುವ ‘ಪಲ್ಸ್’ ಈಜಿಪ್ಟನ್ನು ಪೂರ್ತಿ ಮರೆತು ಬರ್ಲಿನ್ನಿಗೆ ಮರಳುತ್ತದೆ. ಸಿಂಥಸೈಜರಿನ ನಾಡಿಮಿಡಿತವೊಂದು ಕ್ರಮಬದ್ಧವಾಗಿ ಬಡಿದುಕೊಳ್ಳುತ್ತ, ಅದರ ಸುತ್ತ ಉಳಿದ ವಾದ್ಯಗಳು ಕೂಡಿಕೊಳ್ಳುತ್ತವೆ. ಮುಂದೆ ಟ್ಯಾಂಜರೀನ್ ಡ್ರೀಮ್ ಜಗತ್ಪ್ರಸಿದ್ಧಗೊಳಿಸಿದ ಬರ್ಲಿನ್ ಶೈಲಿಯ ಎಲೆಕ್ಟ್ರಾನಿಕ್ ಸಂಗೀತದ ಮೊಳಕೆ ಇಲ್ಲಿ ಕಾಣಿಸುತ್ತದೆ. ಇದನ್ನು ನುಡಿಸಿದ ಹೋನಿಗ್ 1975ರಲ್ಲಿ ಕೆಲಕಾಲ ಆ ತಂಡದ ಜೊತೆಯಲ್ಲೇ ವೇದಿಕೆ ಹತ್ತಿದರು ಎಂಬುದು ಈ ಹಿನ್ನೆಲೆಯಲ್ಲಿ ಅಚ್ಚರಿಯ ಸಂಗತಿಯಲ್ಲ. ಚರಿತ್ರೆಯ ದೃಷ್ಟಿಯಿಂದ ‘ಪಲ್ಸ್’ ಮುಖ್ಯವಾದದ್ದೇ. ಆದರೆ ಆಲ್ಬಮ್ಮಿನ ಮೈಗೆ ಅದು ಹೊಂದಿಕೊಂಡಿಲ್ಲ, ಬೇರೆ ಮನೆಯ ಕಿಟಕಿಯೊಂದನ್ನು ತಂದು ಕೂರಿಸಿದಂತಿದೆ.

‘ಖಾನ್ ಎಲ್ ಖಲೀಲಿ’ ಎಂಬುದು ಹಳೆಯ ಕೈರೋದ ಹೆಸರುವಾಸಿ ಪೇಟೆ. ಎಂಟು ನಿಮಿಷ ಮೀರಿ ನಡೆಯುವ ಈ ರಚನೆಯಲ್ಲಿ ಪೇಟೆಯ ಗದ್ದಲವನ್ನು ನಿರೀಕ್ಷಿಸಿದವರಿಗೆ ನಿರಾಶೆ ಕಾದಿದೆ, ಏಕೆಂದರೆ ಇದು ವ್ಯಾಪಾರವೆಲ್ಲ ಮುಗಿದು ಅಂಗಡಿಗಳು ಬಾಗಿಲು ಎಳೆದುಕೊಳ್ಳುತ್ತಿರುವ ಹೊತ್ತಿನ ನಡಿಗೆಯಂತಿದೆ. ಎರಡು ಗಿಟಾರುಗಳು ಒಂದೇ ಮಾಧುರ್ಯವನ್ನು ಸ್ವಲ್ಪ ಅಂತರದ ಸ್ವರಗಳಲ್ಲಿ ಜೊತೆಯಾಗಿ ಎತ್ತಿಕೊಳ್ಳುವ ಕಡೆ ಅಮೆರಿಕದ ಬ್ಲೂಸ್ ರಾಕ್ ಶೈಲಿಯ ನೆರಳು ಬೀಳುತ್ತದೆ. ಅದಕ್ಕೆ ತಂಡ ನಾಚಿಕೊಂಡಿಲ್ಲ ಎಂಬುದೇ ನನಗೆ ಹಿಡಿಸಿದ್ದು. ನಮ್ಮ ರಾಗಗಳಂತಿರುವ ಅರಬ್ ಸಂಗೀತದ ಮಕಾಮ್‌ಗಳಲ್ಲಿ ಬರುವ ಅರ್ಧಸ್ವರಕ್ಕಿಂತ ಸೂಕ್ಷ್ಮವಾದ ಅಂತರಗಳನ್ನು ಗಿಟಾರಿನ ಮೆಟ್ಟಿಲುಗಳು ನೇರವಾಗಿ ಕೊಡಲಾರವು, ತಂತಿ ಎಳೆದೇ ತೆಗೆಯಬೇಕು. ನನ್ನ ಕಿವಿಗೆ ಕೇಳಿಸಿದಂತೆ ಈ ಇಬ್ಬರೂ ಅಂಥ ಅನುಕರಣೆಗೆ ಕೈ ಹಾಕುವುದು ತೀರ ಅಪರೂಪ. ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ, ಆದರೆ ಮಾತಿನ ನಡುವಿನ ಬಿಡುವನ್ನು ಆ ಊರಿನಿಂದ ಎರವಲು ತಂದಿದ್ದಾರೆ.

ಶೀರ್ಷಿಕೆಯ ರಚನೆ ‘ಮಾಲೇಶ್’ ಕೂಡ ಅಷ್ಟೇ ಉದ್ದದ್ದು, ಹೆಚ್ಚು ಏಕಾಂತದ್ದು. ಅದರಲ್ಲಿ ಸಂಗೀತ ಮತ್ತು ಬೀದಿಯ ಟೇಪು ಒಂದರ ಮೇಲೊಂದು ಹರಡಿಕೊಳ್ಳುವಾಗ, ಯಾವುದು ಸ್ಟುಡಿಯೋದ್ದು, ಯಾವುದು ರಸ್ತೆಯದು ಎಂಬ ಗೆರೆ ಕೆಲವು ಕ್ಷಣ ಅಳಿಸಿಹೋಗುತ್ತದೆ.

ಇಲ್ಲಿ ಒಂದು ತಕರಾರನ್ನು ಎತ್ತಲೇಬೇಕು. ಆ ಟೇಪುಗಳಲ್ಲಿ ಹಾಡುವವರು, ಬಾರಿಸುವವರು ಯಾರು ಎಂಬುದು ಆಲ್ಬಂ ಕೇಳುವವನಿಗೆ ತಿಳಿಯುವುದೇ ಇಲ್ಲ. ಅವರು ಹಿನ್ನೆಲೆಯಾಗಿ ಬರುತ್ತಾರೆ, ಜೊತೆಗಾರರಾಗಿ ಬರುವುದಿಲ್ಲ. ಹೊರನಾಡಿನ ಸಂಗೀತದತ್ತ ಮುಖ ಮಾಡಿದ ಜರ್ಮನ್ ತಂಡಗಳೆಲ್ಲ ಇದೇ ದಾರಿ ಹಿಡಿದವು ಎಂದೇನಿಲ್ಲ. ಮ್ಯೂನಿಕ್ಕಿನ ಎಂಬ್ರಿಯೊ ತಂಡ 1970ರ ದಶಕದ ಕೊನೆಯಲ್ಲಿ ರಸ್ತೆ ಮಾರ್ಗವಾಗಿಯೇ ಭಾರತಕ್ಕೆ ಬಂದು, ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರಿದ್ದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗದ ಜೊತೆ ಕೂತು ನುಡಿಸಿತು. ಅದು ಧ್ವನಿಮುದ್ರಿಕೆಯಾಗಿಯೂ ಬಂತು. ಅಲ್ಲಿ ತಾಳದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕೊನ್ನಕ್ಕೋಲಿಗೂ ಡ್ರಮ್ಸಿಗೂ ಎದುರುಬದುರು ಮಾತುಕತೆ ನಡೆಯುತ್ತದೆ, ಎರಡೂ ಕಡೆಯವರ ಹೆಸರು ನಮಗೆ ಗೊತ್ತು. ಆ ಅಳತೆಗೋಲಿನಲ್ಲಿ ‘ಮಾಲೇಶ್’ ಪ್ರವಾಸಿಯ ದಿನಚರಿಯಷ್ಟೇ ಆಗಿ ಉಳಿಯುತ್ತದೆ. ಪ್ರವಾಸಿಯಾಗಿಯೇ ಇದ್ದು, ಆ ನಾಡಿನವನಂತೆ ವೇಷ ಹಾಕದಿರುವ ಪ್ರಾಮಾಣಿಕತೆ ಅದಕ್ಕಿದೆ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಸಿತಾರನ್ನು ಎರಡು ತಿಂಗಳು ಕಲಿತು ಆಲ್ಬಮ್ಮಿನ ಮುಖಪುಟದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವವರು ಹೇರಳವಾಗಿದ್ದ ಕಾಲ ಅದು.

ಇನ್ನೊಂದೆರಡು ಕೊರತೆಗಳಿವೆ. ಎರಡು ಗಿಟಾರುಗಳ ನಾದ ಹಲವು ಕಡೆ ಎಷ್ಟು ಒಂದೇ ತೆರನಾಗಿದೆಯೆಂದರೆ, ಯಾವ ಸಾಲು ಯಾರದೆಂದು ಹೇಳಲು ನಾಲ್ಕಾರು ಬಾರಿ ಕೇಳಬೇಕಾಗುತ್ತದೆ. ಡ್ರಮ್ಸಿನ ಧ್ವನಿ ಇಂದಿನ ಕಿವಿಗೆ ತೆಳುವೆನಿಸಬಹುದು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿದರೆ ಬೇಸ್ ಗಿಟಾರು ಪೂರ್ತಿ ಮಾಯವಾಗಿ, ತಂಬೂರಿಯಿಲ್ಲದ ಕಛೇರಿಯಂತೆ ಉಳಿದದ್ದೆಲ್ಲ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಹೆಡ್‌ಫೋನನ್ನೋ, ತಕ್ಕಮಟ್ಟಿನ ಸ್ಪೀಕರುಗಳನ್ನೋ ಬಳಸುವುದು ಅಗತ್ಯ. ಎಲ್‌ಪಿ ತಟ್ಟೆಯಲ್ಲಿ ಮೊದಲ ನಾಲ್ಕು ರಚನೆಗಳು ಒಂದು ಬದಿಗೆ, ಉಳಿದ ಮೂರು ಇನ್ನೊಂದು ಬದಿಗೆ ಬರುತ್ತವೆ. ಸಿಡಿಯಲ್ಲಿ ಕೇಳುವವರೂ ‘ಪಲ್ಸ್’ ಮುಗಿದ ಮೇಲೆ ಎರಡು ನಿಮಿಷ ಬಿಡುವು ಕೊಟ್ಟು, ಒಂದು ಲೋಟ ಕಾಫಿ ಮಾಡಿಕೊಂಡು ಬಂದು ‘ಖಾನ್ ಎಲ್ ಖಲೀಲಿ’ಗೆ ಕೂರುವುದು ಒಳ್ಳೆಯದು, ಆ ಎರಡು ರಚನೆಗಳು ಒಂದಕ್ಕೊಂದು ಅಂಟಿಕೊಂಡು ಬಂದಾಗ ಎರಡಕ್ಕೂ ನಷ್ಟ. ಇದೇ ತಂಡದ 1973ರ ಎರಡನೆಯ ಆಲ್ಬಂ ಇದಕ್ಕಿಂತ ಪಳಗಿದ ಕೈಯದು, ನುಡಿಸಾಣಿಕೆ ಇನ್ನೂ ಒಪ್ಪವಾಗಿದೆ ಎಂದು ಹೇಳುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಕೇಳಲು ಕೂತಾಗ ನನ್ನ ಕೈ ಹೋಗುವುದು ಇದರತ್ತಲೇ.

ಕೊನೆಯ ರಚನೆ ‘ರ್ಯೂಕ್‌ಸ್ಟುರ್ಟ್ಸ್’ ಎರಡು ನಿಮಿಷ ಚಿಲ್ಲರೆ ಅಷ್ಟೇ. ಹಿಂದಕ್ಕೆ ರಭಸದಿಂದ ಧುಮುಕುವುದು ಎಂದು ಆ ಜರ್ಮನ್ ಪದದ ಅರ್ಥ. ನಲವತ್ತು ನಿಮಿಷ ತಾಳ್ಮೆಯಿಂದ ನಡೆದು ಬಂದ ಎರಡು ಗಿಟಾರುಗಳು ಇಲ್ಲಿ ಮೊದಲ ಬಾರಿಗೆ ಹಬ್ಬದ ಮೆರವಣಿಗೆಯ ವಾಲಗದಂತೆ ಗಟ್ಟಿಯಾಗಿ, ನೇರವಾಗಿ ಒಂದು ಧಾಟಿಯನ್ನು ಎತ್ತಿಕೊಳ್ಳುತ್ತವೆ. ಅದು ಇನ್ನೇನು ರಂಗೇರಿತು ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಇನ್ನೂ ಎರಡು ನಿಮಿಷ ನುಡಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಪ್ರತಿ ಸಲವೂ ಗೊಣಗಿಕೊಳ್ಳುತ್ತೇನೆ.