ಝ್ಯಾಪಿಯರ್, ಮೇಕ್, ಎನ್8ಎನ್, ಆ್ಯಪ್ಸ್ ಸ್ಕ್ರಿಪ್ಟ್: ಒಂದೇ ಬ್ಯಾನರ್ ಕೆಲಸಕ್ಕೆ ನಾಲ್ಕನ್ನೂ ಹಚ್ಚಿ ನೋಡಿದಾಗ

ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಶುರುವಾಯಿತೆಂದರೆ ನವೆಂಬರ್ 1ರ ತನಕ ಬೆಳಗಾವಿಯ ಡಿಸೈನ್ ತಂಡಗಳಿಗೆ ಪುರುಸೊತ್ತು ಅನ್ನುವುದಿಲ್ಲ. ರಾಜ್ಯೋತ್ಸವದ ಮೆರವಣಿಗೆಗೆ ಚನ್ನಮ್ಮ ವೃತ್ತದಲ್ಲಿ ಜನ ಸೇರುವ ಹೊತ್ತಿಗೆ ಫ್ಲೆಕ್ಸ್ ಕಟ್ಟಿಯಾಗಿರಬೇಕು, ಸ್ಟೇಟಸ್ಸಿಗೆ ಹಾಕುವ ಪೋಸ್ಟರ್ ಎಲ್ಲರ ಫೋನಿಗೆ ಹೋಗಿರಬೇಕು, ರೀಲ್ಸ್ ಕತ್ತರಿಸಿ ಇಟ್ಟಿರಬೇಕು. ಅದಕ್ಕೂ ಮುಂಚೆ ಗಣಪತಿ ಮಂಡಳಗಳ ಮರಾಠಿ ಬ್ಯಾನರ್‌ಗಳು. ಇಂಥ ಹೊತ್ತಿನಲ್ಲೇ ತಂಡದ ಯಾರಾದರೊಬ್ಬರು ‘ಇದನ್ನೆಲ್ಲ ಆಟೊಮೇಷನ್ ಮಾಡೋಣ’ ಅನ್ನುತ್ತಾರೆ. ಮಾಡಬೇಕು, ನಾನೂ ಆ ಪಕ್ಷದವನೇ. ಆದರೆ ಯಾವ ಉಪಕರಣ ಎಂದು ಆರಿಸುವಾಗ ಹೆಚ್ಚಿನವರು ಕೇಳುವ ಪ್ರಶ್ನೆಯೇ ತಪ್ಪು. ‘ಎಷ್ಟು ಆ್ಯಪ್ ಜೋಡಿಸುತ್ತದೆ?’ ಎಂದು ಕೇಳುತ್ತಾರೆ. ಅದು ಕೆಟ್ಟು ನಿಂತಾಗ ಯಾರಿಗೆ ಗೊತ್ತಾಗುತ್ತದೆ, ಕಟ್ಟಿದವನು ಊರಲ್ಲಿ ಇಲ್ಲದಿದ್ದರೆ ಬೇರೊಬ್ಬರು ಅದನ್ನು ನಿಲ್ಲಿಸಬಲ್ಲರೇ ಎಂದು ಕೇಳಬೇಕು. ಈ ಹೋಲಿಕೆಯನ್ನು ನಾನು ಬರೆಯುತ್ತಿರುವುದು ಆ ಕಣ್ಣಿನಿಂದಲೇ.

ಝ್ಯಾಪಿಯರ್, ಮೇಕ್, ಎನ್8ಎನ್, ಆ್ಯಪ್ಸ್ ಸ್ಕ್ರಿಪ್ಟ್ ನಾಲ್ಕೂ ಒಂದು ಆ್ಯಪ್‌ನಲ್ಲಿ ಏನಾದರೂ ಆದ ಕೂಡಲೇ ಇನ್ನೊಂದರಲ್ಲಿ ಮುಂದಿನ ಕೆಲಸ ತಾನಾಗಿ ನಡೆಯುವಂತೆ ಮಾಡುವ ಉಪಕರಣಗಳು. ನಾಲ್ಕಕ್ಕೂ ಕೊಟ್ಟ ಕೆಲಸ ಒಂದೇ. ಗಿರಾಕಿ ಗೂಗಲ್ ಫಾರ್ಮ್ ತುಂಬುತ್ತಾರೆ. ಆರ್ಡರ್ ಶೀಟಿನಲ್ಲಿ ಒಂದು ಸಾಲಾಗಿ ಬೀಳಬೇಕು, ಡ್ರೈವ್‌ನಲ್ಲಿ ಆ ಗಿರಾಕಿಯ ಹೆಸರಿನ ಫೋಲ್ಡರ್ ತೆರೆಯಬೇಕು, ಫೋಟೊಗಳು ಅದರೊಳಗೆ ಹೋಗಬೇಕು, ಹೆಸರು ಮತ್ತು ಶುಭಾಶಯ ಮೊದಲೇ ಮಾಡಿಟ್ಟ ವಿನ್ಯಾಸದ ಟೆಂಪ್ಲೇಟಿಗೆ ಇಳಿಯಬೇಕು, ಡಿಸೈನರ್‌ಗೆ ಸುದ್ದಿ ಹೋಗಬೇಕು, ಪ್ರಿಂಟಿಗೆ ಮುಂಚೆ ತೋರಿಸುವ ಪ್ರೂಫ್ ಗಿರಾಕಿಗೆ ತಲುಪಬೇಕು.

ಝ್ಯಾಪಿಯರ್ ಹಳೆಯದು, 2011ರಲ್ಲಿ ಶುರುವಾದದ್ದು. ಸರಾಗದಲ್ಲಿ ಇದಕ್ಕೆ ಸಾಟಿಯಿಲ್ಲ. ನಮ್ಮಲ್ಲಿ ಫೋನ್ ಎತ್ತಿ ಆರ್ಡರ್ ಬರೆದುಕೊಳ್ಳುವ ಅಕ್ಕ ಯಾರ ಸಹಾಯವೂ ಇಲ್ಲದೆ ‘ಫಾರ್ಮ್ ಬಂದರೆ ಫೋಲ್ಡರ್ ಮಾಡು’ ಎಂಬುದನ್ನು ಕಟ್ಟಿ ತೋರಿಸಿದರು. ತಪ್ಪಾದರೆ ಮೇಲ್ ಬರುತ್ತದೆ, ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ಇತಿಹಾಸದ ಪುಟದಲ್ಲಿ ಕಾಣುತ್ತದೆ. ತೊಡಕು ಲೆಕ್ಕದಲ್ಲಿದೆ. ಇಲ್ಲಿ ಬೇರೆ ಆ್ಯಪ್‌ನಲ್ಲಿ ಯಶಸ್ವಿಯಾದ ಪ್ರತಿಯೊಂದು ಕ್ರಿಯೆಯೂ ಸಾಮಾನ್ಯವಾಗಿ ಒಂದು ಟಾಸ್ಕ್. ಶುರು ಮಾಡುವ ಟ್ರಿಗರ್‌ಗೆ, ಫಿಲ್ಟರ್‌ನಂಥ ಝ್ಯಾಪಿಯರ್‌ನದೇ ಕೆಲವು ಹೆಜ್ಜೆಗಳಿಗೆ ಲೆಕ್ಕ ಇಲ್ಲ. ಒಂದು ಆರ್ಡರಿಗೆ ಆರು ಕ್ರಿಯೆ ಎಂದರೆ 50 ಆರ್ಡರಿಗೆ 300 ಟಾಸ್ಕ್. ತಂಡಗಳು ಆರ್ಡರ್ ಎಣಿಸಿ ಪ್ಲಾನ್ ಕೊಳ್ಳುತ್ತವೆ, ಹೆಜ್ಜೆ ಎಣಿಸುವುದಿಲ್ಲ. ಬಿಲ್ ಡಾಲರಿನಲ್ಲಿ. ಉಚಿತ ಪ್ಲಾನಿನ ತಿಂಗಳ 100 ಟಾಸ್ಕ್, ಅದೂ ಎರಡೇ ಹೆಜ್ಜೆಯ ಕೆಲಸಕ್ಕೆ, ಸೀಸನ್ನಿನ ಮೊದಲ ವಾರಕ್ಕೂ ಸಾಲದು.

ಮೇಕ್ ಎಂದರೆ ಹಳೆಯ ಇಂಟೆಗ್ರೊಮ್ಯಾಟ್, ಪ್ರಾಗ್‌ನಿಂದ ಬಂದದ್ದು, 2022ರಲ್ಲಿ ಹೆಸರು ಬದಲಾಯಿತು. ನನಗೆ ಹೆಚ್ಚು ಹಿಡಿಸಿದ್ದು ಇದು. ಕಾರಣ ಅದರ ಪರದೆ. ಇಡೀ ಕೆಲಸ ದುಂಡು ದುಂಡು ಗುರುತುಗಳಾಗಿ ಎದುರಿಗೆ ಹರಡಿಕೊಂಡಿರುತ್ತದೆ. ಓಡಿದ ಮೇಲೆ ಪ್ರತಿ ಗುರುತಿನ ನೆತ್ತಿಯ ಮೇಲೊಂದು ಗುಳ್ಳೆ. ಅದನ್ನು ಒತ್ತಿದರೆ ಒಳಗೆ ಏನು ಹೋಯಿತು, ಹೊರಗೆ ಏನು ಬಂತು ಎಲ್ಲವೂ ಕಾಣುತ್ತದೆ. ಕೋಡ್ ಅಂದರೆ ಮಾರು ದೂರ ಹೋಗುವ ವಿಡಿಯೊ ಎಡಿಟರ್ ಕೂಡ ‘ಇಲ್ಲಿ ಫೋಟೊದ ಲಿಂಕೇ ಖಾಲಿ ಬಂದೈತಲ್ರೀ’ ಎಂದು ಬೆರಳಿಟ್ಟು ತೋರಿಸಿದ. ಕನ್ನಡದ ಆರ್ಡರ್ ಒಂದು ಕಡೆಗೆ, ಮರಾಠಿಯದು ಇನ್ನೊಂದು ಕಡೆಗೆ ಕವಲೊಡೆಸುವುದೂ ಇಲ್ಲಿ ಸಲೀಸು.

ಲೆಕ್ಕದ ವಿಷಯದಲ್ಲಿ ಇಲ್ಲಿಯೂ ಎಚ್ಚರ ಬೇಕು. ಪರದೆಯ ಮೇಲಿನ ಒಂದೊಂದು ದುಂಡು ಗುರುತೂ ಒಂದು ಮಾಡ್ಯೂಲ್. ಸಾಮಾನ್ಯವಾಗಿ ಒಂದು ಮಾಡ್ಯೂಲ್ ಒಂದು ಸಲ ಓಡಿದರೆ ಒಂದು ಎಣಿಕೆ. ಇದನ್ನು ಮೊದಲು ಆಪರೇಷನ್ ಎನ್ನುತ್ತಿದ್ದರು, 2025ರಿಂದ ಕ್ರೆಡಿಟ್ ಎನ್ನುತ್ತಾರೆ. ಒಬ್ಬ ಗಿರಾಕಿ 40 ಫೋಟೊ ಹಾಕಿದರೆ, ಅವನ್ನು ಒಂದೊಂದಾಗಿ ಬಿಡಿಸಿ ಮೂರು ಮಾಡ್ಯೂಲ್ ದಾಟಿಸುವುದಕ್ಕೇ 120 ಖರ್ಚು. ಉಚಿತ ಪ್ಲಾನಿನಲ್ಲಿ ತಿಂಗಳಿಗೆ 1,000 ಸಿಗುತ್ತದೆ. ಇಂಥ ಎಂಟು ಗಿರಾಕಿಗಳು ಬಂದರೆ ಮುಗಿಯಿತು. ಫೋಟೊಗಳನ್ನು ಒಂದೊಂದಾಗಿ ದಾಟಿಸುವ ಬದಲು ಫೋಲ್ಡರಿನ ಲಿಂಕನ್ನಷ್ಟೇ ಮುಂದೆ ಕಳಿಸಿದರೆ ಈ ಖರ್ಚೇ ಇಲ್ಲ. ಹೆಚ್ಚಿನ ತಂಡಗಳು ಪ್ಲಾನ್ ದೊಡ್ಡದು ಮಾಡುತ್ತವೆ, ದಾರಿ ಚಿಕ್ಕದು ಮಾಡುವುದಿಲ್ಲ.

ಎನ್8ಎನ್ ಬರ್ಲಿನ್‌ನದು, 2019ರಿಂದ ಇದೆ. ನಮ್ಮದೇ ಯಂತ್ರದಲ್ಲಿ ಹಾಕಿಕೊಂಡು ನಮ್ಮ ಒಳಗಿನ ಕೆಲಸಕ್ಕೆ ಬಳಸಿದರೆ ದುಡ್ಡಿಲ್ಲ. ಅವರದೇ ಸರ್ವರಿನಲ್ಲಿ ಓಡುವ ಕ್ಲೌಡ್ ಕೊಂಡರೂ ಹೆಜ್ಜೆಗಳ ಲೆಕ್ಕವಿಲ್ಲ, ಮೊದಲಿಂದ ಕೊನೆತನಕದ ಇಡೀ ಓಟಕ್ಕೆ ಒಂದು ಎಣಿಕೆ. ಕಾಗದದ ಮೇಲೆ ಇದೇ ಗೆಲ್ಲಬೇಕು. ಆದರೆ ಉಚಿತ ಎನ್ನುವುದು ಸಾಫ್ಟ್‌ವೇರಿಗೆ ಮಾತ್ರ, ಅದನ್ನು ನೋಡಿಕೊಳ್ಳುವ ಮನುಷ್ಯನಿಗಲ್ಲ. ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿ ಹಾಕಿದರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ. ಹೊರಗಿನ ಫಾರ್ಮ್ ಒಳಗಿನ ಯಂತ್ರವನ್ನು ತಲುಪಬೇಕಾದರೆ ಟನೆಲ್‌ನಂಥದ್ದು, ಅಂದರೆ ಇಂಟರ್ನೆಟ್ಟಿನಿಂದ ಆಫೀಸಿನ ಯಂತ್ರಕ್ಕೆ ಬರುವ ದಾರಿ, ಬೇಕು. ಪಾಸ್‌ವರ್ಡುಗಳನ್ನು ಬೀಗ ಹಾಕಿ ಇಡುವ ಎನ್‌ಕ್ರಿಪ್ಷನ್ ಕೀ ಎಲ್ಲಿದೆ ಎಂದು ಬರೆದಿಡದಿದ್ದರೆ, ಡಿಸ್ಕ್ ಕೆಟ್ಟ ದಿನ ಬ್ಯಾಕಪ್ ಇದ್ದರೂ ಎಲ್ಲ ಖಾತೆಗಳನ್ನು ಮತ್ತೆ ಮೊದಲಿನಿಂದ ಜೋಡಿಸಬೇಕು.

ಸಮಯದ ಸಂಗತಿಯನ್ನು ಮಾತ್ರ ವಿವರವಾಗಿ ಹೇಳಬೇಕು, ಯಾಕೆಂದರೆ ಮೀಡಿಯಾ ತಂಡಕ್ಕೆ ಸಮಯವೇ ಸರಕು. ಸ್ವಂತ ಯಂತ್ರದಲ್ಲಿ ಹಾಕಿದ ಎನ್8ಎನ್‌ನಲ್ಲಿ ನಾವು ಬದಲಿಸದಿದ್ದರೆ ಗಡಿಯಾರ ನ್ಯೂಯಾರ್ಕ್‌ನದು. ಬೆಳಿಗ್ಗೆ 7ಕ್ಕೆ ಎಂದು ಇಟ್ಟ ಶುಭಾಶಯದ ಪೋಸ್ಟ್ ಅಕ್ಟೋಬರಿನಲ್ಲಿ ನಮ್ಮ ಸಂಜೆ 4.30ಕ್ಕೆ ಹೋಗುತ್ತದೆ. ಚಳಿಗಾಲಕ್ಕೆಂದು ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಸಿದ ಮೇಲೆ 5.30ಕ್ಕೆ. ರಾಜ್ಯೋತ್ಸವದ ಬೆಳಗಿನ ಶುಭಾಶಯ ಮೆರವಣಿಗೆ ಅರ್ಧ ಊರು ಸುತ್ತಿದ ಮೇಲೆ ಬಂದರೆ ಅದಕ್ಕೆ ದುಡ್ಡು ಕೊಡುವವರು ಯಾರು? ಮೊದಲ ದಿನವೇ ಸೆಟಿಂಗಿನಲ್ಲಿ ಏಷ್ಯಾ/ಕೋಲ್ಕತಾ (ಭಾರತದ ಸಮಯಕ್ಕೆ ಅಲ್ಲಿರುವ ಹೆಸರು) ಎಂದು ಇಡಿ, ಆಮೇಲೆ ಉಳಿದದ್ದು.

ಕೊನೆಯದು ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್. 2009ರಿಂದ ಇದ್ದರೂ ಇದರ ಜಾಹೀರಾತು ಯಾರೂ ಮಾಡುವುದಿಲ್ಲ. ಫಾರ್ಮ್, ಶೀಟ್, ಡ್ರೈವ್, ಸ್ಲೈಡ್ಸ್ ಎಲ್ಲ ಒಂದೇ ಮನೆಯವು, ಹಾಗಾಗಿ ಜೋಡಣೆ ಮಾಡುವ ಗೊಡವೆಯೇ ಇಲ್ಲ. ಪುಟ್ಟ ಕೋಡ್ ಬರೆಯಬೇಕು, ಅಷ್ಟೇ. ಮಿತಿಗಳು ಸ್ಪಷ್ಟ: ಒಂದು ಓಟ 6 ನಿಮಿಷ ಮೀರುವಂತಿಲ್ಲ, ಸಾದಾ ಜಿಮೇಲ್ ಖಾತೆಯಿಂದ ದಿನಕ್ಕೆ 100 ಜನರಿಗೆ ಮೇಲ್. ‘9ಕ್ಕೆ ಓಡು’ ಎಂದರೆ 9ರಿಂದ 10ರೊಳಗೆ ಯಾವಾಗಲಾದರೂ ಓಡುತ್ತದೆ, ಹಾಗಾಗಿ ಪೋಸ್ಟ್ ಬಿಡುವುದಕ್ಕೆ ಇದನ್ನು ನೆಚ್ಚಬೇಡಿ. ಆರ್ಡರ್ ತೆಗೆದುಕೊಂಡು ಫೋಲ್ಡರ್ ಮಾಡುವುದಕ್ಕೆ ಧಾರಾಳ ಸಾಕು.

ಇದರೊಳಗೆ ಅಡಗಿರುವ ಅಪಾಯ ಬೇರೆ. ಟ್ರಿಗರ್ ಓಡುವುದು ಅದನ್ನು ಹಾಕಿದವರ ಖಾತೆಯಲ್ಲಿ. ಕೆಲಸಕ್ಕೆ ಸೇರಿದ ಹುಡುಗ ಉತ್ಸಾಹದಿಂದ ತನ್ನ ಸ್ವಂತ ಜಿಮೇಲಿನಲ್ಲಿ ಕಟ್ಟುತ್ತಾನೆ, ಎಲ್ಲರೂ ಶಾಬಾಸ್ ಅನ್ನುತ್ತಾರೆ. ಅವನು ಪುಣೆಗೆ ನೌಕರಿ ಹಿಡಿದು ಹೋದ ಮೇಲೆ ಫೋಲ್ಡರುಗಳು ಅವನ ಡ್ರೈವಿನಲ್ಲಿ, ತಪ್ಪಿನ ಮೇಲ್‌ಗಳು ಅವನ ಇನ್‌ಬಾಕ್ಸಿನಲ್ಲಿ. ಶೀಟಿನಲ್ಲಿ ಸಾಲುಗಳು ಬೀಳುತ್ತಲೇ ಇರುತ್ತವೆ, ಮುಂದಿನದು ನಿಂತದ್ದು ಗಿರಾಕಿ ‘ಅಣ್ಣಾರ, ಪ್ರೂಫ್ ಇನ್ನಾ ಬಂದಿಲ್ಲಲ್ರೀ’ ಎಂದು ಫೋನ್ ಮಾಡಿದಾಗಲೇ ಗೊತ್ತಾಗುವುದು. ಆಫೀಸಿನ ಹೆಸರಿನದೊಂದು ಖಾತೆ ಮಾಡಿ ಎಲ್ಲವನ್ನೂ ಅದರಲ್ಲೇ ಕಟ್ಟಬೇಕು. ತಪ್ಪಿನ ಮೇಲ್ ದಿನಕ್ಕೊಮ್ಮೆ ಬರುವುದನ್ನು ಬದಲಿಸಿ ಕೂಡಲೇ ಬರುವಂತೆ ಇಡಬೇಕು.

ಇಷ್ಟು ಉಪಕರಣಗಳ ಮಾತು. ಆದರೆ ನಾಲ್ಕರಲ್ಲೂ ಒಂದೇ ಥರ ಕೈಕೊಡುವ ಮೂರು ಜಾಗಗಳಿವೆ, ಅಲ್ಲಿ ಬ್ರ್ಯಾಂಡ್ ಬದಲಿಸಿ ಉಪಯೋಗವಿಲ್ಲ.

ಮೊದಲನೆಯದು ಒಪ್ಪಿಗೆ. ಗಿರಾಕಿಯ ಉತ್ತರದಲ್ಲಿ ‘ಓಕೆ’, ‘ಛಲೋ’ ಎಂಬ ಪದ ಸಿಕ್ಕರೆ ಪ್ರಿಂಟಿಗೆ ಕಳಿಸು ಎಂಬ ನಿಯಮವನ್ನು ಹಳೆಯ ಸಂದೇಶಗಳ ಮೇಲೆ ಓಡಿಸಿ ನೋಡಿದೆವು. ‘ಛಲೋ ಆಗೇತ್ರಿ, ಆದ್ರ ಸಾಹೇಬ್ರ ಫೋಟೊ ಒಂಚೂರು ದೊಡ್ಡದ ಮಾಡ್ರಿ’ ಎಂಬುದೂ ಒಪ್ಪಿಗೆಯ ರಾಶಿಗೆ ಬಿತ್ತು. ನಮ್ಮ ಕಡೆ ಜನ ಬೇಡ ಎನ್ನುವುದಕ್ಕೂ ಮೊದಲು ಛಲೋ ಎಂದೇ ಅನ್ನುತ್ತಾರೆ. ಪ್ರಿಂಟಾದ ಫ್ಲೆಕ್ಸ್ ವಾಪಸ್ ಬರುವುದಿಲ್ಲ. ಒಪ್ಪಿಗೆಯನ್ನು ಮನುಷ್ಯರೇ ಓದಿ, ಶೀಟಿನಲ್ಲಿ ಗುರುತು ಹಾಕಬೇಕು. ಆಟೊಮೇಷನ್ ಆ ಗುರುತಿಗಾಗಿ ಕಾಯಬೇಕು. ಇನ್ನು ಪ್ರೂಫನ್ನು ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿ ಕಳಿಸಲು ಅಧಿಕೃತ ದಾರಿಯಲ್ಲಿ ಹೋದರೆ, ಗಿರಾಕಿ ಕೊನೆಯ ಸಲ ಸಂದೇಶ ಕಳಿಸಿ 24 ಗಂಟೆ ದಾಟಿದ ಮೇಲೆ ಮೊದಲೇ ಮಂಜೂರಾದ ಸಂದೇಶದ ಟೆಂಪ್ಲೇಟ್ ಬೇಕು. ಅಡ್ಡದಾರಿಯ ಸಾಫ್ಟ್‌ವೇರ್ ಹಾಕಿ ವರ್ಷಾನುಗಟ್ಟಲೆ ಜನರ ಬಾಯಲ್ಲಿರುವ ಅಂಗಡಿಯ ನಂಬರನ್ನೇ ಕಳೆದುಕೊಳ್ಳುವ ಅಪಾಯವನ್ನು ಯಾರೂ ಮೈಮೇಲೆ ಎಳೆದುಕೊಳ್ಳಬಾರದು.

ಎರಡನೆಯದು ‘ಶುಭ ಕೋರುವವರು’ ಪಟ್ಟಿ. ಶೀಟಿಗೆ ಹೆಸರುಗಳು ಹೋದ ಕೂಡಲೇ ಯಾರಿಗಾದರೂ ಅದನ್ನು ಅಕಾರಾದಿಯಾಗಿ ಜೋಡಿಸುವ ಆಸೆ ಬರುತ್ತದೆ. ಇಲ್ಲವೇ ಫೋಟೊಗಳು ಅಪ್‌ಲೋಡಾದ ಕ್ರಮದಲ್ಲೇ ಬಂದು ಕೂರುತ್ತವೆ. ಬ್ಯಾನರಿನ ಮೇಲೆ ಯಾರ ಪಕ್ಕ ಯಾರು, ಯಾರ ಮುಖ ಎಷ್ಟು ದೊಡ್ಡದು ಎಂಬುದು ಆ ಓಣಿಯ ಇಡೀ ಲೆಕ್ಕಾಚಾರ. ಮಂಡಳದ ಅಧ್ಯಕ್ಷರ ಹೆಸರು ಒಂದು ಸಾಲು ಕೆಳಗಿಳಿದರೆ ಮುಂದಿನ ವರ್ಷದ ಕೆಲಸ ಬೇರೆ ಅಂಗಡಿಗೆ. ಹಾಗಾಗಿ ಫಾರ್ಮಿನಲ್ಲೇ ಪ್ರತಿ ಹೆಸರಿಗೂ ಕ್ರಮಸಂಖ್ಯೆಯ ಅಂಕಣ ಇಟ್ಟು, ಅದನ್ನು ಗಿರಾಕಿಯೇ ತುಂಬುವಂತೆ ಮಾಡುವುದು ಸರಿ.

ಮೂರನೆಯದು ನಮ್ಮ ಅಕ್ಷರ. ಟೆಂಪ್ಲೇಟಿಗೆ ಹೆಸರು ಇಳಿಸುವ ಅನೇಕ ಚಿತ್ರ ಉಪಕರಣಗಳಲ್ಲಿ ಕನ್ನಡಕ್ಕೆ ಬೇಕಾದ ಶೇಪಿಂಗ್, ಅಂದರೆ ಅಕ್ಷರಕ್ಕೆ ಒತ್ತು, ಗುಣಿತ ಕೂಡಿಸಿ ತೋರಿಸುವ ಶಕ್ತಿ, ಇಲ್ಲ. ಇಂಗ್ಲಿಷಿನಲ್ಲಿ ಪರೀಕ್ಷಿಸಿ ‘ಆಯಿತು’ ಎನ್ನುತ್ತಾರೆ. ಕಿತ್ತೂರು ಎಂದು ಕೊಟ್ಟರೆ ಕಿತ್‌ತೂರು ಎಂದು ಒತ್ತಕ್ಷರ ಬಿಚ್ಚಿಕೊಂಡು ಬರುತ್ತದೆ. ಸ್ಲೈಡ್ಸ್ ಟೆಂಪ್ಲೇಟಿನಲ್ಲಿ ಈ ತೊಂದರೆ ಇಲ್ಲ. ವಿನ್ಯಾಸವನ್ನು ವೆಬ್ ಪುಟವಾಗಿ ಮಾಡಿ ಬ್ರೌಸರಿನಿಂದಲೇ ಚಿತ್ರ ತೆಗೆದರೂ ಇಲ್ಲ. ಶೀಟಿನ ಹೆಸರುಗಳನ್ನು ಪುಟಕ್ಕೆ ಇಳಿಸಲು ಇನ್‌ಡಿಸೈನ್‌ನ ಡೇಟಾ ಮರ್ಜ್ ಬಳಸುವವರು, ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಲೇಬೇಕು. ಹಳೆಯ ನುಡಿ ಫಾಂಟಿನ ಫೈಲುಗಳಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒಬ್ಬರು ಕೂತು ಓದಿ, ಆಮೇಲೆ ಸಾಲಿಗೆ ಸೇರಿಸಿ. ಒಂದೇ ಥರ ಕಾಣುವ ಎರಡು ‘ಕೋ’ಗಳ ಒಳಗಿನ ಸಂಕೇತಗಳು ಬೇರೆ ಬೇರೆ ಇರಬಹುದು. ಹಾಗಾದಾಗ ಒಬ್ಬರೇ ಗಿರಾಕಿಗೆ ಎರಡು ಫೋಲ್ಡರ್ ಹುಟ್ಟುತ್ತವೆ. ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಇಂಥ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಒಂದೇ ಸಾಲಿನಿಂದ ಇದು ಸರಿಹೋಗುತ್ತದೆ. ಪರೀಕ್ಷೆಗೆ ‘ಟೆಸ್ಟ್ 1’ ಎಂದು ಕೊಡದೆ ‘ರಾಷ್ಟ್ರೋತ್ಥಾನ’, ‘ಲಕ್ಷ್ಮೀನಾರಾಯಣ’ ಥರದ ಪದಗಳನ್ನೇ ಕೊಡಿ.

ನನ್ನ ತೀರ್ಮಾನ ಹೀಗಿದೆ. ಐದಾರು ಜನರ ತಂಡವಾದರೆ ಆರ್ಡರ್ ಒಳಗೆ ಬರುವ ಭಾಗಕ್ಕೆ ಆ್ಯಪ್ಸ್ ಸ್ಕ್ರಿಪ್ಟ್, ಅಲ್ಲಿಂದ ಮುಂದೆ ಕವಲೊಡೆಯುವ ಭಾಗಕ್ಕೆ ಮೇಕ್. ಕೋಡ್ ಮುಟ್ಟುವವರು ಒಬ್ಬರೂ ಇಲ್ಲ, ಡಾಲರ್ ಬಿಲ್ ಭಾರವೆನಿಸುವುದಿಲ್ಲ ಎನ್ನುವವರಿಗೆ ಝ್ಯಾಪಿಯರ್ ಸಾಕು. ಸರ್ವರ್ ನೋಡಿಕೊಳ್ಳುವುದೇ ಕೆಲಸವಾಗಿರುವ ಒಬ್ಬರಿದ್ದರೆ, ಹೆಜ್ಜೆಗಳು ತುಂಬ ಇದ್ದರೆ ಎನ್8ಎನ್‌ನಷ್ಟು ಲಾಭದ್ದು ಇನ್ನೊಂದಿಲ್ಲ. ಯಾವುದನ್ನೇ ಆರಿಸಿದರೂ ಗಣಪತಿ ಹಬ್ಬಕ್ಕೂ ಒಂದು ತಿಂಗಳು ಮುಂಚೆ ಕಟ್ಟಿ ಮುಗಿಸಿ. ಕಟ್ಟಿದವರನ್ನು ಒಂದು ಇಡೀ ದಿನ ರಜೆ ಮೇಲೆ ಕಳಿಸಿ, ಅವತ್ತೇ ಬೇಕಂತಲೇ ಒಂದು ಫೋಟೊ ಇಲ್ಲದ ಆರ್ಡರ್ ಹಾಕಿ. ಆಫೀಸಿನಲ್ಲಿ ಉಳಿದವರಲ್ಲಿ ಒಬ್ಬರಾದರೂ ಅದು ಎಲ್ಲಿ ನಿಂತಿದೆ ಎಂದು ಹುಡುಕಿ, ನಿಲ್ಲಿಸಿ, ಆ ಆರ್ಡರನ್ನು ಕೈಯಿಂದಲೇ ಮುಗಿಸಲು ಆದರೆ ಸೀಸನ್ನಿಗೆ ಬಿಡಬಹುದು.